ನಮ್ದಾಫಾದ ಹಾರುವ ಅಳಿಲು: ಹುಡುಕುತ್ತಲೇ ಇರಬೇಕಾ?

1981ರಲ್ಲಿ ಅರುಣಾಚಲ ಪ್ರದೇಶದ ನಮ್ದಾಫಾ ಕಾಡಿನಲ್ಲಿ, ದೇಬಾನ್ ಹತ್ತಿರ, ಒಂದು ಹಾರುವ ಅಳಿಲು ಸಿಕ್ಕಿತು. ಕೆಂಪು ಮೈ, ಬಿಳಿ ಹೊಟ್ಟೆ, ಮೈಗಿಂತ ಉದ್ದದ ಬಾಲ. ಪ್ರಾಣಿಶಾಸ್ತ್ರಜ್ಞ ಬಿಸ್ವಮಯ್ ಬಿಸ್ವಾಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಈ ಜಾತಿಯನ್ನು ನಾವು ಗುರುತಿಸುವುದು ಇವತ್ತಿಗೂ ಆ ಒಂದೇ ಮಾದರಿಯಿಂದ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿಗೆ ತೀರಾ ಹತ್ತಿರವಿರುವ ಪ್ರಾಣಿ. ಇದರ ಹುಡುಕಾಟಕ್ಕೆ ದುಡ್ಡು, ಸಮಯ ಹಾಕುತ್ತಲೇ ಇರಬೇಕಾ? ಎರಡೂ ಕಡೆಯ ಮಾತು ಬರೆದಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆಗೆ ಜಾಸ್ತಿ ವಾಲುತ್ತದೆ.

ಪರ: ಹುಡುಕಲೇಬೇಕು

ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ. ಈ ಅಳಿಲು ಓಡಾಡುವುದು ರಾತ್ರಿ, ಅದೂ ಮರದ ತುದಿಯಲ್ಲಿ. ಕೆಳಗೆ ನಿಂತು ಟಾರ್ಚ್ ಬಿಟ್ಟರೆ ಮೊದಲು ಕಾಣುವುದು ಕೆಂಡದಂಥ ಎರಡು ಕಣ್ಣು. ಅಷ್ಟರಲ್ಲಿ ಅದು ಕೈಕಾಲು ಚಾಚಿ ಜಿಗಿಯುತ್ತದೆ. ಮುಂಗಾಲಿನಿಂದ ಹಿಂಗಾಲಿನವರೆಗಿನ ಚರ್ಮ ಬಿಗಿದು ಹಾಳೆಯಂತಾಗುತ್ತದೆ. ತೇಲಿಹೋಗಿ ಇನ್ನೊಂದು ಮರದ ಕಾಂಡಕ್ಕೆ ಅಂಟಿಕೊಂಡು, ಸರಸರ ಆಚೆ ಬದಿಗೆ ಹತ್ತಿ ಮರೆಯಾಗುತ್ತದೆ. ನೋಡಲು ಸಿಗುವುದು ನಾಲ್ಕೈದು ಸೆಕೆಂಡು. ಅದೇ ಕಾಡಿನಲ್ಲಿ ಕೆಂಪು ದೈತ್ಯ ಹಾರುವ ಅಳಿಲೂ ಇದೆ. ಯಾವುದು ಯಾವುದು ಅಂತ ಹೇಳುವುದು ಹೇಗೆ? ನೆಲದ ಮೇಲೆ ಕಟ್ಟಿದ ಕ್ಯಾಮೆರಾ ಮರದ ತುದಿಯನ್ನು ನೋಡುವುದಿಲ್ಲ.

ಹುಡುಕಿದವರಿಗೆ ಸಿಕ್ಕಿದ್ದೂ ಇದೆ. ಕೇರಳದ ತಿರುವಾಂಕೂರು ಹಾರುವ ಅಳಿಲು ಸುಮಾರು ನೂರು ವರ್ಷದ ನಂತರ 1989ರಲ್ಲಿ ಮತ್ತೆ ಕಂಡಿತು. ಉಣ್ಣೆಯಂಥ ಕೂದಲಿನ ದೊಡ್ಡ ಹಾರುವ ಅಳಿಲು 1994ರಲ್ಲಿ ಪಾಕಿಸ್ತಾನದ ಉತ್ತರದ ಬೆಟ್ಟಗಳಲ್ಲಿ ಜೀವಂತವಾಗಿ ಸಿಕ್ಕಿತು. ಅದಕ್ಕೂ ಮೊದಲು ಇದ್ದದ್ದು ಹಳೇ ಚರ್ಮಗಳಷ್ಟೇ. ನಮ್ದಾಫಾ ಅಳಿಲಿನ ಹತ್ತಿರದ ನೆಂಟ ಲಾವೋಸಿನಲ್ಲಿ ಸಿಕ್ಕಿದ್ದು ಕಾಡಿನಲ್ಲಲ್ಲ, ಕಾಡುಮಾಂಸ ಮಾರುವ ಸಂತೆಯಲ್ಲಿ. ಇನ್ನೊಂದನ್ನು ಚೀನಾದ ಯುನ್ನಾನ್ ಪ್ರಾಂತ್ಯದಿಂದ 2019ರಲ್ಲಿ ಹೊಸ ಜಾತಿ ಅಂತ ಪ್ರಕಟಿಸಿದರು. ಅದರ ಸುಳಿವು ಸಿಕ್ಕಿದ್ದು ಸಂಗ್ರಹಾಲಯದಲ್ಲಿ ಇಟ್ಟಿದ್ದ ಮಾದರಿಯಿಂದ. ಎಲ್ಲಿದೆ ಅಂತ ಗೊತ್ತಿಲ್ಲದ ಪ್ರಾಣಿಯನ್ನು ಯಾವ ಮರದ ಬುಡದಲ್ಲಿ ಕಾಯೋಣ?

ವಿರೋಧ: ಮೊದಲು ಮರ ಕಾಯೋಣ

ನಮ್ದಾಫಾ ರಾಷ್ಟ್ರೀಯ ಉದ್ಯಾನ ಸುಮಾರು 1985 ಚದರ ಕಿಲೋಮೀಟರ್. ಇನ್ನೂರು ಮೀಟರಿನಿಂದ ನಾಲ್ಕೂವರೆ ಸಾವಿರ ಮೀಟರ್ ಎತ್ತರದವರೆಗೆ ಹಬ್ಬಿದೆ. ಅಲ್ಲಿ ಒಂದು ಅಳಿಲಿಗಾಗಿ ರಾತ್ರಿಗಳನ್ನು ಕಳೆಯುವುದು ಸುಲಭದ ಕೆಲಸ ಅಲ್ಲ. ಆ ದುಡ್ಡು ಕಾವಲಿಗೆ ಬೇಕು.

ಹಾರುವ ಅಳಿಲುಗಳಿಗೆ ಏನು ಬೇಕು ಅನ್ನುವುದು ಗೊತ್ತೇ ಇದೆ ಅಲ್ವಾ? ಹಗಲು ಮಲಗಲು ಪೊಟರೆ ಬೇಕು. ಪೊಟರೆ ಆಗುವುದು ಹಳೇ ಮರದಲ್ಲಿ. ಕೊಂಬೆ ಮುರಿದು, ನೀರು ಇಳಿದು, ಒಳಗೆ ಕೊಳೆತು ಜಾಗ ಆಗಲು ಹತ್ತಾರು ವರ್ಷ ಹಿಡಿಯುತ್ತದೆ. ನೆಟ್ಟ ಸಸಿ ನಾಳೆಯೇ ಪೊಟರೆ ಕೊಡುವುದಿಲ್ಲ. ಮರಗಳ ನಡುವೆ ತೇಲಿ ದಾಟಲಾಗದಷ್ಟು ಅಂತರ ಬಿದ್ದರೆ ಅಳಿಲು ನೆಲಕ್ಕಿಳಿಯಬೇಕು. ನೆಲದಲ್ಲಿ ಅದಕ್ಕೆ ಚುರುಕಿಲ್ಲ. ಮರಿಗಳೂ ಸಾಮಾನ್ಯವಾಗಿ ಒಂದೋ ಎರಡೋ. ನಷ್ಟ ತುಂಬಲು ಕಾಲ ಬೇಕು.

ಈ ಅಳಿಲಿನ ನೆಲೆ ಅಂತ ಹೇಳುವುದು ದಿಹಿಂಗ್ ನದಿಯ ಕಡೆಯ ಇಳಿಜಾರುಗಳ ಎತ್ತರದ ನಾಗಸಂಪಿಗೆ ಕಾಡನ್ನು. ಆ ಮರಗಳು ನಿಂತಿದ್ದರೆ ಅಳಿಲು ಇದ್ದರೂ ಬದುಕುತ್ತದೆ. ಇಲ್ಲದಿದ್ದರೂ ಹುಲಿ, ಮೋಡ ಚಿರತೆ, ಹೂಲಾಕ್ ಗಿಬ್ಬನ್ ಬದುಕುತ್ತವೆ. ಇನ್ನೊಂದು ಭಯವೂ ಇದೆ. ಅಪರೂಪದ ಪ್ರಾಣಿ ಇಂಥ ಕಡೆ ಇದೆ ಅಂತ ಸುದ್ದಿ ಹರಡಿದರೆ ಬೇಟೆಗಾರನೂ ಅದನ್ನು ಓದುತ್ತಾನೆ.

ನನಗೆ ಮುಖ್ಯ ಅನ್ನಿಸುವುದು ಇದು. ಆ ಕಾಡಿನಲ್ಲಿ ಲಿಸು ಬುಡಕಟ್ಟಿನ ಜನ ಇದ್ದಾರೆ. ಯಾವ ಇಳಿಜಾರಿನಲ್ಲಿ ಯಾವ ಮರ, ಯಾವುದರಲ್ಲಿ ಪೊಟರೆ ಅಂತ ಅವರಿಗೆ ಗೊತ್ತಿರುತ್ತದೆ. ಅವರನ್ನು ಸುಮ್ನೆ ಅತಿಕ್ರಮಣಕಾರರು ಅಂತ ದೂರ ಇಡುವ ಬದಲು, ವರ್ಷಪೂರ್ತಿ ಸಂಬಳ ಕೊಟ್ಟು ಪೊಟರೆ ಮರಗಳ ಎಣಿಕೆ ಮತ್ತು ಕಾವಲಿಗೆ ಕರೆದುಕೊಳ್ಳಬೇಕು. ದಿನಾ ಆ ಮರಗಳ ಕೆಳಗೆ ಓಡಾಡುವವರಿಗೇ ಒಂದು ರಾತ್ರಿ ಆ ಎರಡು ಕಣ್ಣು ಕಾಣಬಹುದು.