ಸೊನ್ನೆ ಜನರ ಬುಡಕಟ್ಟು

ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಶಾನೀ ಅಂತ ಒಂದು ಬುಡಕಟ್ಟು ಇದೆ. ಅವರಿಗೊಬ್ಬ ಮುಖ್ಯಸ್ಥರಿದ್ದಾರೆ, ಕಚೇರಿ ಇದೆ, ಮೂರು ಸಾವಿರಕ್ಕೂ ಜಾಸ್ತಿ ಸದಸ್ಯರಿದ್ದಾರೆ. 2020ರಲ್ಲಿ ಅಲ್ಲಿನ ಸರ್ಕಾರ ಲೆಕ್ಕ ಹಾಕಿದಾಗ ಮಾತ್ರ ಉತ್ತರ ಸೊನ್ನೆ ಬಂತು.

ಆದದ್ದು ಇಷ್ಟು. ಕೊರೊನಾ ಪರಿಹಾರಕ್ಕೆ ಅಲ್ಲಿನ ಸಂಸತ್ತು ಮೂಲನಿವಾಸಿ ಬುಡಕಟ್ಟುಗಳ ಹೆಸರಲ್ಲಿ 800 ಕೋಟಿ ಡಾಲರ್ ತೆಗೆದಿಟ್ಟಿತು. ಖಜಾನೆ ಇಲಾಖೆ ಎಲ್ಲ ಬುಡಕಟ್ಟುಗಳಿಗೂ "ನಿಮ್ಮಲ್ಲಿ ಸದಸ್ಯರೆಷ್ಟು, ಬರೆದು ಕಳಿಸಿ" ಎಂದಿತು. ಪಾಪ, ಅವರು ಕಳಿಸಿದರು. ಇಲಾಖೆ ಆ ಲೆಕ್ಕವನ್ನೆಲ್ಲ ಪಕ್ಕಕ್ಕಿಟ್ಟು, ವಸತಿ ಇಲಾಖೆಯ ಬೇರೆಯದೇ ಪಟ್ಟಿ ಹಿಡಿದುಕೊಂಡು ಹಣ ಹಂಚಲು ಕೂತಿತು. ಆ ಪಟ್ಟಿ ಮಾಡಿದ್ದು ಮನೆ ಕಟ್ಟುವ ಅನುದಾನಕ್ಕೆ. ಆ ಯೋಜನೆಯ ಲೆಕ್ಕದಲ್ಲಿ ಶಾನೀಗಳಿಗೆ ಜಾಗವೇ ಇರಲಿಲ್ಲ. ಹಾಗಾಗಿ ಅವರ ಹೆಸರಿನ ಮುಂದೆ ಜನಸಂಖ್ಯೆ: ಸೊನ್ನೆ.

ಬದುಕಿರುವ ಅಜ್ಜಿಯನ್ನು ಪಿಂಚಣಿ ಪಟ್ಟಿಯಲ್ಲಿ ಸಾಯಿಸಿ, ಆಮೇಲೆ "ಜೀವಂತ ಇದ್ದೀನಿ ಅಂತ ಸರ್ಟಿಫಿಕೇಟ್ ತಗೊಂಡ್ಬಾ" ಅನ್ನುವುದು ನಮ್ಮ ತಾಲ್ಲೂಕು ಕಚೇರಿಗಳ ಸ್ವಂತ ಆವಿಷ್ಕಾರ ಅಂದುಕೊಂಡಿದ್ದೆವು. ನಾವು ಒಬ್ಬೊಬ್ಬರನ್ನೇ ಮಾಡುತ್ತೇವೆ. ಅವರು ಇಡೀ ಬುಡಕಟ್ಟನ್ನೇ ಒಂದೇ ಏಟಿಗೆ ಮುಗಿಸಿದರು. ಶಾನೀ ಒಂದೇ ಅಲ್ಲ, ಸೊನ್ನೆ ಪಡೆದ ಬುಡಕಟ್ಟುಗಳು ಇನ್ನೂ ಇದ್ದವು.

ಹಾಗಂತ ಸರ್ಕಾರಕ್ಕೆ ಕರುಣೆ ಇಲ್ಲ ಅನ್ನಬೇಡಿ. ಸೊನ್ನೆ ಜನಕ್ಕೂ ಕನಿಷ್ಠ 1 ಲಕ್ಷ ಡಾಲರ್ ಕೊಟ್ಟಿತು. ಇಲ್ಲದೇ ಇರುವವರಿಗೆ ಇಷ್ಟು ದುಡ್ಡು ಯಾವ ದೇಶ ಕೊಡುತ್ತದೆ ಹೇಳಿ! ಆದರೂ ಇಲ್ಲದ ಜನ ಕೋರ್ಟಿಗೆ ಹೋದರು. 2021ರ ಜನವರಿಯಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ತಾವು ಸೊನ್ನೆ ಅಲ್ಲ ಅಂತ ಸಾಧಿಸಲು ವಕೀಲರ ಫೀಸು ಕಟ್ಟಬೇಕಾಯಿತು, ಅಷ್ಟೇ.

2020ರಲ್ಲೇ ನಡೆದ ಸಿಯಾಟಲ್ ಇಂಡಿಯನ್ ಹೆಲ್ತ್ ಬೋರ್ಡ್‌ನ ಕಥೆ ಇನ್ನೂ ಸೊಗಸು. ಅದು ನಗರದಲ್ಲಿರುವ ಮೂಲನಿವಾಸಿಗಳಿಗಾಗಿ ಅವರೇ ನಡೆಸುವ ಆರೋಗ್ಯ ಸಂಸ್ಥೆ. ಸೋಂಕು ಏರುತ್ತಿತ್ತು, ವೈದ್ಯಕೀಯ ಸಾಮಗ್ರಿ ಕಳಿಸಿ ಅಂತ ಸರ್ಕಾರಿ ಕಚೇರಿಗಳಿಗೆ ಕೇಳಿಕೊಂಡರು. ಒಂದು ಡಬ್ಬ ಬಂತು. ತೆರೆದು ನೋಡಿದರೆ ಜಿಪ್ ಇರುವ ಬಿಳಿ ಚೀಲಗಳು. ಹೆಣ ಹಾಕುವ ಚೀಲ. ಜತೆಗೆ ಚೀಟಿಗಳು, ಅದರ ಮೇಲೆ "ಕಾಲ್ಬೆರಳಿಗೆ ಕಟ್ಟಿ" ಎಂಬ ಸೂಚನೆ. ತಪ್ಪಾಗಿ ಬಂದದ್ದು ಅಂತ ಆಮೇಲೆ ಸಮಜಾಯಿಷಿ ಬಂತು. ಇರಬಹುದು. ಆದರೆ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಮಾಸ್ಕ್ ಕೊಟ್ಟರೆ ನಾಳೆ ಮತ್ತೆ ಕೇಳುತ್ತಾರೆ. ಇದು ಒಂದೇ ಸಲದ ಖರ್ಚು. ಪಾನೀ ಬುಡಕಟ್ಟಿನ ಅಬಿಗೇಲ್ ಎಕೋ-ಹಾಕ್ ಆ ಸಂಸ್ಥೆಯಲ್ಲೇ ಸಂಶೋಧನೆ ನೋಡಿಕೊಳ್ಳುವವರು. ಅವರು ಆ ಚೀಲದಲ್ಲೇ ತಮ್ಮವರ ಸಾಂಪ್ರದಾಯಿಕ ರಿಬ್ಬನ್ ಉಡುಪು ಹೊಲಿದುಬಿಟ್ಟರು. ಮಂಜೂರಾದ ಸಾಮಗ್ರಿಯನ್ನು ಬೇರೆ ಉದ್ದೇಶಕ್ಕೆ ಬಳಸಿದ್ದೀರಿ ಅಂತ ಆಡಿಟ್ ಆಕ್ಷೇಪಣೆ ಬಾರದಿದ್ದುದು ಅವರ ಪುಣ್ಯ.

ಸರ್ಕಾರ ಬಿಡಿ, ಸರ್ಕಾರ ಎಲ್ಲ ಕಡೆ ಸರ್ಕಾರವೇ. ದೊಡ್ಡ ದೊಡ್ಡ ದಾನಿಗಳು ಏನು ಮಾಡುತ್ತಾರೆ? 2019ರಲ್ಲಿ ಬಂದ ಒಂದು ವರದಿ ಪ್ರಕಾರ ಅಲ್ಲಿನ ದೊಡ್ಡ ಫೌಂಡೇಶನ್‌ಗಳು ವರ್ಷಕ್ಕೆ ಕೊಡುವ ಒಟ್ಟು ಹಣದಲ್ಲಿ ಮೂಲನಿವಾಸಿಗಳ ಹೆಸರಿಗೆ ಬರುವುದು ಸರಾಸರಿ ಶೇ 0.4. ಅಂದರೆ ನೂರು ಡಾಲರಿಗೆ 40 ಸೆಂಟ್. ಜನಸಂಖ್ಯೆಯಲ್ಲಿ ಅವರ ಪಾಲು ಶೇ 2ರ ಆಸುಪಾಸು. ಆ 40 ಸೆಂಟಾದರೂ ನೆಟ್ಟಗೆ ಅವರ ಕೈ ಸೇರುತ್ತದಾ? ಇಲ್ಲ. ಅದರಲ್ಲೂ ಒಂದು ದೊಡ್ಡ ಪಾಲು ಅವರ ಬಗ್ಗೆ ಕೆಲಸ ಮಾಡುವ ಬೇರೆಯವರಿಗೆ ಹೋಗುತ್ತದೆ. ಅವರಿಗೆ ಊಟ ಹಾಕುವುದಕ್ಕಿಂತ ಅವರ ಹಸಿವಿನ ಅಧ್ಯಯನಕ್ಕೆ ಜಾಸ್ತಿ ಬೆಲೆ.

ಆದರೆ ಗೌರವಕ್ಕೆ ಏನೂ ಕೊರತೆ ಇಲ್ಲ, ನೋಡಿ. ಈಗ ಅಲ್ಲಿ ಎಷ್ಟೋ ಸಭೆಗಳು ಶುರುವಾಗುವುದೇ "ನಾವು ಕೂತಿರುವ ಈ ನೆಲ ಇಂಥ ಬುಡಕಟ್ಟಿನದು" ಎಂದು ಕೃತಜ್ಞತೆಯಿಂದ ನೆನೆಯುವುದರೊಂದಿಗೆ. ನೆಲ ಯಾರದು ಅಂತ ಗೊತ್ತಿದೆ, ಒಪ್ಪಿಕೊಂಡೂ ಆಯಿತು. ಆಮೇಲೆ ಊಟ. ಆ ಬುಡಕಟ್ಟಿನವರ ಅರ್ಜಿ ಊಟದ ನಂತರದ ಅಜೆಂಡಾದಲ್ಲಿ ಇದ್ದರೂ ಇರಬಹುದು.

ಅರ್ಜಿ ಹಾಕಲು ಹೋದರೆ ನಡೆಯುವ ಮಾತುಕತೆ ಹೀಗಿರುತ್ತದೆ ಅಂತ ನನ್ನ ಕಲ್ಪನೆ.

"ನಿಮ್ಮ ಸಂಸ್ಥೆಗೆ ಎಷ್ಟು ವರ್ಷದ ಅನುಭವ?"

"ಸರ್, ಕೊಲಂಬಸ್ ಬರುವ ಮುಂಚಿನದನ್ನೂ ಸೇರಿಸಬಹುದಾ?"

"ಆಡಿಟ್ ಆದ ವರ್ಷಗಳು ಮಾತ್ರ. ಸರಿ, ನಮ್ಮ ಹಣ ನಿಂತ ಮೇಲೆ ನೀವು ಹೇಗೆ ಬಾಳುತ್ತೀರಿ?"

"ಮೊದಲು ಹೇಗೆ ಬಾಳ್ತಿದ್ವೋ ಹಾಗೇ ಸರ್. ನದಿ ಇತ್ತು, ಕಾಡಿತ್ತು."

"ಅವು ಈಗ ಎಲ್ಲಿವೆ?"

"ನಿಮ್ಮ ಫೌಂಡೇಶನ್ ಸ್ಥಾಪಕರ ಹತ್ತಿರ."

ಇಷ್ಟಾದ ಮೇಲೆ ಚಾರಿಟಿ ನೋಂದಣಿ ಪತ್ರ ಕೇಳುತ್ತಾರೆ. ಇದು ಕಲ್ಪನೆ ಅಲ್ಲ. ಬುಡಕಟ್ಟು ಸರ್ಕಾರಗಳಿಗೆ ದಾನ ಕೊಡುವ ವಿಷಯದಲ್ಲಿ ಅವುಗಳನ್ನು ರಾಜ್ಯ ಸರ್ಕಾರಗಳ ಹಾಗೇ ನೋಡಬೇಕು ಅಂತ ಅಮೆರಿಕದಲ್ಲಿ 1983ರಲ್ಲೇ ಕಾನೂನು ಆಗಿದೆ. ಅಂದರೆ ಬೇರೆ ನೋಂದಣಿ ಬೇಕಿಲ್ಲ. ಆದರೂ ಎಷ್ಟೋ ದಾನಿಗಳ ಫಾರಂನಲ್ಲಿ ಆ ಕಾಲಂ ಇರುತ್ತದೆ, ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಸರ್ಕಾರವೊಂದು ತಾನು ಸರ್ಕಾರ ಅಂತ ಗುಮಾಸ್ತನಿಗೆ ಒಪ್ಪಿಸುವ ಕೆಲಸ ಸಣ್ಣದಲ್ಲ.

ಸರ್ಕಾರದ ಅನುದಾನಕ್ಕೆ ಬೇರೆ ನಂಬರ್ ಬೇಕು. ಮೊದಲು ಒಂಬತ್ತು ಅಂಕಿಯದು ಇತ್ತು. 2022ರ ಏಪ್ರಿಲ್‌ನಲ್ಲಿ ಅದನ್ನು ಬಿಟ್ಟು ಹನ್ನೆರಡು ಅಕ್ಷರದ ಹೊಸದು ಮಾಡಿದರು. ನೋಂದಣಿಯನ್ನು ವರ್ಷ ವರ್ಷ ಆನ್‌ಲೈನ್‌ನಲ್ಲಿ ನವೀಕರಿಸಬೇಕು. ಬುಡಕಟ್ಟುಗಳಿಗೆಂದು ಬಿಟ್ಟ ಎಷ್ಟೋ ಮೀಸಲು ಪ್ರದೇಶಗಳಲ್ಲಿ ಇಂಟರ್‌ನೆಟ್ ಇನ್ನೂ ಸರಿಯಾಗಿಲ್ಲ. ಇಂಟರ್‌ನೆಟ್ ಹಾಕಿಸಿಕೊಳ್ಳಲು ಅನುದಾನ ಇದೆ, ಅರ್ಜಿ ಆನ್‌ಲೈನ್.

"ಕೊಡೋಣ ಅಂದರೆ ಅವರಲ್ಲಿ ಅಂಥ ಸಂಸ್ಥೆಗಳೇ ಇಲ್ವಲ್ಲ" ಅಂತ ಕೆಲವರು ನಿಟ್ಟುಸಿರು ಬಿಡುತ್ತಾರೆ. ಫಸ್ಟ್ ನೇಷನ್ಸ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1980ರಲ್ಲಿ. ಮೂಲನಿವಾಸಿಗಳೇ ನಡೆಸುವ ಆ ಸಂಸ್ಥೆ ಹಣ ತಂದು ತಮ್ಮವರಿಗೆ ತಾನೇ ಹಂಚುತ್ತದೆ. ಅದಕ್ಕೂ ಮೊದಲು, 1977ರಿಂದ, ಸೆವೆಂತ್ ಜನರೇಶನ್ ಫಂಡ್ ಇದೆ. ಹುಡುಕುವವರಿಗೆ ಸಿಗಲು ನಾಲ್ಕು ದಶಕ ಸಾಲದು ಅನ್ನಿಸುತ್ತದೆ. ನಡುವೆ 2020ರಲ್ಲಿ ಮೆಕೆನ್ಜಿ ಸ್ಕಾಟ್ ಎಂಬ ಶ್ರೀಮಂತೆ ಕೆಲವು ಮೂಲನಿವಾಸಿ ಕಾಲೇಜುಗಳಿಗೆ ಹಣ ಕೊಟ್ಟು, ಹೇಗೆ ಬೇಕಾದರೂ ಖರ್ಚು ಮಾಡಿಕೊಳ್ಳಿ ಅಂದುಬಿಟ್ಟರು. ಅರ್ಜಿಯೂ ಇಲ್ಲ, ಷರತ್ತೂ ಇಲ್ಲ. ಇಂಥವರು ಇನ್ನೂ ನಾಲ್ಕು ಜನ ಹುಟ್ಟಿಕೊಂಡರೆ ಫಾರಂ ತಯಾರಿಸುವವರ ಗತಿ ಏನು?

ಇನ್ನು 2024ರ ಅಕ್ಟೋಬರ್. ಆಗಿನ ಅಧ್ಯಕ್ಷ ಬೈಡನ್ ಅರಿಜೋನಾದ ಹೀಲಾ ರಿವರ್ ಎಂಬ ಬುಡಕಟ್ಟು ಪ್ರದೇಶಕ್ಕೆ ಹೋಗಿ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗಳಿಗೆ ಹಾಕಿದ್ದಕ್ಕೆ ಕ್ಷಮೆ ಕೇಳಿದರು. ಆ ಶಾಲೆಗಳಲ್ಲಿ ಕನಿಷ್ಠ 973 ಮಕ್ಕಳು ಸತ್ತಿದ್ದಾರೆ ಅಂತ ಸರ್ಕಾರದ್ದೇ ವರದಿ ಹೇಳಿತ್ತು. ಆ ಶಾಲೆಗಳ ಹಳೇ ಕಡತಗಳನ್ನು ಡಿಜಿಟಲ್ ಮಾಡುವ ಕೆಲಸಕ್ಕೆ ಮೂಲನಿವಾಸಿಗಳ ಒಂದು ಒಕ್ಕೂಟ ಕೈ ಹಾಕಿತ್ತು. ಅದಕ್ಕೆ ಇತಿಹಾಸ, ಸಾಹಿತ್ಯದಂಥ ಮಾನವಿಕ ವಿಷಯಗಳಿಗೆ ಹಣ ಕೊಡುವ ಸರ್ಕಾರಿ ರಾಷ್ಟ್ರೀಯ ದತ್ತಿ ಸಂಸ್ಥೆಯ ಅನುದಾನ ಇತ್ತು. 2025ರ ಏಪ್ರಿಲ್‌ನಲ್ಲಿ, ಅಂದರೆ ಹೊಸ ಸರ್ಕಾರ ಬಂದ ಮೇಲೆ, ಆ ದತ್ತಿ ಸಂಸ್ಥೆ ಇಂಥ ಅನುದಾನಗಳನ್ನು ರದ್ದು ಮಾಡಿತು. ಒಕ್ಕೂಟಕ್ಕೆ 2.8 ಲಕ್ಷ ಡಾಲರ್‌ಗೂ ಜಾಸ್ತಿ ಖೋತಾ. ಈ ಕೆಲಸ ಈಗ ನಮ್ಮ ಆದ್ಯತೆ ಅಲ್ಲ ಅಂತ ಕಾರಣ.

ಆದ್ಯತೆ ಯಾವುದು ಅಂತ ಅದೇ ತಿಂಗಳು ಗೊತ್ತಾಯಿತು. ಅಮೆರಿಕದ ವೀರರ ಉದ್ಯಾನವೊಂದಕ್ಕೆ ಪ್ರತಿಮೆ ಮಾಡುವವರು ಬೇಕು ಅಂತ ಅದೇ ದತ್ತಿ ಸಂಸ್ಥೆ ಅರ್ಜಿ ಕರೆಯಿತು. ಒಂದೊಂದು ಪ್ರತಿಮೆಗೆ 2 ಲಕ್ಷ ಡಾಲರ್‌ವರೆಗೆ ಅನುದಾನ. ವೀರರ ಪಟ್ಟಿಯಲ್ಲಿ ಜಿಮ್ ಥಾರ್ಪ್ ಹೆಸರಿದೆ. ಸ್ಯಾಕ್ ಆ್ಯಂಡ್ ಫಾಕ್ಸ್ ಬುಡಕಟ್ಟಿನವನು, 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದವನು, ಓದಿದ್ದು ಕಾರ್ಲೈಲ್ ಎಂಬ ಅಂಥದೇ ವಸತಿ ಶಾಲೆಯಲ್ಲಿ. ಅಂಥ ಶಾಲೆಗಳ ಕಡತಕ್ಕೆ ದುಡ್ಡಿಲ್ಲ, ಹುಡುಗನ ಕಲ್ಲಿನ ರೂಪಕ್ಕೆ ಇದೆ. ಇದಕ್ಕೆ ಅರ್ಜಿ ಹಾಕಬೇಕಾದವನು ಥಾರ್ಪ್ ಅಲ್ಲ, ಶಿಲ್ಪಿ. ಹಾಗಾಗಿ ಹಣ ಬೇಗ ಬಿಡುಗಡೆ ಆಗುತ್ತದೆ ಅಂತ ಧೈರ್ಯವಾಗಿ ನಂಬಬಹುದು.