ಮದ್ದಳೆಗಾರರ ಹೆಸರನ್ನೂ ಬರೆಯಿರಿ

ಮೊನ್ನೆ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ, ಯಕ್ಷಗಾನದ ಹಿಮ್ಮೇಳದವರ, ಎಂದರೆ ಪದ್ಯ ಹಾಡುವ ಭಾಗವತರು, ಕೋಲಿನಿಂದ ಚೆಂಡೆ, ಕೈಯಿಂದ ಮದ್ದಳೆ ಬಾರಿಸುವವರ ಬಗ್ಗೆ ಇಷ್ಟು ವರ್ಷ ನಾನು ಬರೆದದ್ದನ್ನೆಲ್ಲ ಓದುತ್ತಾ ಕೂತೆ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಬಾಯಾರು ಸುತ್ತಿನ ಭಾಗವತರು, ಚೆಂಡೆಗಾರರು, ಮದ್ದಳೆಗಾರರು. ಹುಟ್ಟಿದ ಊರು, ಕಲಿಸಿದ ಗುರುಗಳು, ತಿರುಗಿದ ಮೇಳಗಳು, ಸಂದ ಸನ್ಮಾನಗಳು, ಕೊನೆಗೆ ಹೆಂಡತಿ ಮಕ್ಕಳ ವಿವರ. ಒಬ್ಬರ ಲೇಖನಕ್ಕೆ ಇನ್ನೊಬ್ಬರ ಹೆಸರು ಹಾಕಿದರೂ ಗೊತ್ತಾಗದು. ಇವರ ಚೆಂಡೆ ಅವರ ಚೆಂಡೆಗಿಂತ ಹೇಗೆ ಬೇರೆ ಕೇಳುತ್ತಿತ್ತು ಎಂದು ಹೇಳುವ ಸಾಲುಗಳು ಬೆರಳೆಣಿಕೆಯಷ್ಟೂ ಸಿಗಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ನಾನೊಬ್ಬ ಮಾತ್ರ ಹೀಗೆ ಬರೆದದ್ದಲ್ಲ. 2020ರ ಸೆಪ್ಟೆಂಬರ್ 6ರಂದು ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1973ರ ತೀರ್ಪನ್ನು ನೆನೆದವು. 13 ನ್ಯಾಯಮೂರ್ತಿಗಳ ಪೀಠ, ಸಂಸತ್ತು ತಿದ್ದುಪಡಿ ಮಾಡಿಯೂ ಕೆಡಿಸಲಾಗದ ಸಂವಿಧಾನದ ಮೂಲ ಸಂರಚನೆ. ನೆನೆಯಬೇಕಾದದ್ದೇ. ಆದರೆ ನಮ್ಮ ಕಡೆಯವರಿಗೆ ಅವರು ಭಾಗವತರಾಗಿ ಕೂತು ಪದ್ಯ ಹೇಳುತ್ತಿದ್ದ ಸ್ವಾಮಿಗಳು ಕೂಡ. ಆ ಸ್ವರ ಹೇಗಿತ್ತು ಎಂದು ಮುಂದಿನವರು ಕೇಳಿದರೆ ತೋರಿಸಲು ನಮ್ಮ ಕೈಯಲ್ಲಿ ಎಷ್ಟು ಬರಹ ಉಂಟು?

ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿ 16ರಂದು ತೀರಿಹೋದರು. ಹುಟ್ಟಿದ್ದು ಇಲ್ಲೇ ಪಡ್ರೆಯಲ್ಲಿ. ‘ಬಲಿಪ ಶೈಲಿ’ ಎಂಬ ಮಾತು ಅವತ್ತು ಎಲ್ಲರ ಬಾಯಲ್ಲಿ. ಶೈಲಿ ಎಂದರೆ ಎಂತ ಎಂದು ಬಿಡಿಸಿ ಹೇಳಿದವರು ಕಡಿಮೆ. ನಾನು ಕೇಳಿಸಿಕೊಂಡ ಮಟ್ಟಿಗೆ ಹೇಳುತ್ತೇನೆ. ಅದು ಅದೇ ಹೆಸರಿನ ಅಜ್ಜನಿಂದ ಬಂದದ್ದು. ಮೈಕ್ ಇಲ್ಲದ ಕಾಲದಲ್ಲಿ ಗದ್ದೆಯ ಆಚೆ ಬದುವಿನಲ್ಲಿ ಕೂತವನಿಗೂ ಮುಟ್ಟಬೇಕಾಗಿದ್ದ ಸ್ವರ. ಎತ್ತರದ ಶ್ರುತಿಯಲ್ಲೂ ಪದ್ಯದ ಅಕ್ಷರ ಮುಕ್ಕಾಗದು. ರಾಗವನ್ನು ತೋರಿಸಲು ನಿಲ್ಲದೆ ಕಥೆಯನ್ನು ಮುಂದೆ ಎಳೆದುಕೊಂಡು ಹೋಗುವುದು. ಇಷ್ಟಾದರೂ ಬರೆದಿಟ್ಟರೆ, ಅವರನ್ನು ನೋಡದ ಹುಡುಗ ಧ್ವನಿಮುದ್ರಣ ಕೇಳುವಾಗ ಯಾವುದಕ್ಕೆ ಕಿವಿ ಕೊಡಬೇಕೆಂದು ತಿಳಿದಾನು.

ಭಾಗವತರ ಪಾಡೇ ಹೀಗಾದರೆ ಮದ್ದಳೆಗಾರರದ್ದು ಕೇಳುವುದೇ ಬೇಡ.

ಹೋದ ವರ್ಷ ಮಳೆಗಾಲದಲ್ಲಿ ಬದಿಯಡ್ಕದ ಹತ್ತಿರ ಒಬ್ಬರು ಹಿರಿಯ ಮದ್ದಳೆಗಾರರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದರು. ಅನ್ನಕ್ಕೆ ಬೂದಿ ಸೇರಿಸಿ ಅಂಗೈಯಲ್ಲಿ ಮಿದ್ದು ಬೋನ ಎಂಬ ಲೇಪ ಮಾಡಿಕೊಂಡು, ಮದ್ದಳೆಯ ಎಡದ ಮುಚ್ಚಿಗೆಯ, ಎಂದರೆ ಚರ್ಮ ಬಿಗಿದ ಬದಿಯ, ನಡುವಿಗೆ ಒತ್ತಿದರು. ಹೆಬ್ಬೆರಳಿನಿಂದ ಸವರಿ ಒಮ್ಮೆ ಬಡಿದರು. ತಲೆ ಅಲ್ಲಾಡಿಸಿದರು. ಕಡಲೆ ಗಾತ್ರದಷ್ಟು ಕಿತ್ತು ತೆಗೆದರು. ಮತ್ತೆ ಬಡಿದರು. ಮಳೆಯ ಥಂಡಿಗೆ ಚರ್ಮ ಸಡಿಲಾಗಿ ಶ್ರುತಿ ಇಳಿದಿತ್ತು. ಅರ್ಧ ಗಂಟೆ ಇದೇ ಆಯಿತು. ಆಮೇಲೆ ಒಂದು ಕರುಣರಸದ ಪದ್ಯವನ್ನು ತಾವೇ ಗುನುಗುತ್ತಾ ನುಡಿಸಿ ತೋರಿಸಿದರು. ನಾನು ಬರೆದುಕೊಂಡೆ. ವಾರದ ನಂತರ ಓದಿ ಹೇಳಿದಾಗ ಅವರೆಂದದ್ದು: “ನಾನು ಬಾರಿಸಿದ್ದನ್ನೆಲ್ಲ ಬರ್ದಿದ್ದೀರಿ ಮಾಷ್ಟ್ರೇ. ಬಾರಿಸದೆ ಬಿಟ್ಟದ್ದು ಉಂಟಲ್ಲ, ಅದು ಇದರಲ್ಲಿ ಇಲ್ಲ.” ಚೆಂಡೆ ಸುಮ್ಮನಿರುವ ಜಾಗೆಯಲ್ಲಿ, ಭಾಗವತರ ಸ್ವರ ಒಂದು ಅಕ್ಷರದ ಮೇಲೆ ನಿಂತಾಗ ಮದ್ದಳೆಗಾರ ಕೈ ಎತ್ತಿ ಕಾಯುತ್ತಾನೆ. ಆ ಕಾಯುವಿಕೆ ಕಲಿಯಲು ತಮಗೆ ಇಪ್ಪತ್ತು ವರ್ಷ ಬೇಕಾಯಿತು ಎಂದರು.

ಅದನ್ನೂ ಸೇರಿಸಿ ತಿದ್ದಿ ಒಂದು ಪತ್ರಿಕೆಗೆ ಕಳಿಸಿದೆ. ಅಚ್ಚಾಗಿ ಬಂದದ್ದು ನೋಡಿದರೆ ಬೋನದ ಪ್ಯಾರಾ ಇಲ್ಲ, ಕೈ ಎತ್ತಿ ಕಾಯುವ ಪ್ಯಾರಾ ಇಲ್ಲ. ಸನ್ಮಾನದ ಪಟ್ಟಿ ಮಾತ್ರ ಪೂರ್ತಿ ಉಂಟು. ಪತ್ರಿಕೆಯವರನ್ನು ಕೇಳಿದ್ದಕ್ಕೆ, ಅದೆಲ್ಲ ಓದುಗರಿಗೆ ಅರ್ಥವಾಗದು ಎಂದರು. ವೇಷದವರು ಬಣ್ಣ ಹಚ್ಚುವ ಚೌಕಿಯ ಪೂಜೆಯಿಂದ ಹಿಡಿದು ಬೆಳಗ್ಗೆ ಮಂಗಳ ಹಾಡುವ ತನಕ ಕಣ್ಣು ಮುಚ್ಚದೆ ಯಕ್ಷಗಾನದ ಆಟ ನೋಡುವ ಜನ ನಮ್ಮವರು. ಅವರಿಗೆ ಅರ್ಥವಾಗದ್ದು ಅದರಲ್ಲಿ ಏನಿತ್ತು? ನನಗೆ ಈಗಲೂ ಸಿಟ್ಟು ಬರುತ್ತದೆ.

ಗಡಿಯ ಸಂಕಟವೂ ಇದಕ್ಕೆ ಸೇರಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿನವರ ಕಣ್ಣಿಗೆ ಯಕ್ಷಗಾನ ಕರ್ನಾಟಕದ ಕಲೆ, ಬೆಂಗಳೂರಿನ ಕಣ್ಣಿಗೆ ನಮ್ಮ ಕಲಾವಿದ ಕೇರಳದವ. ಕರ್ನಾಟಕ ಯಕ್ಷಗಾನ ಅಕಾಡೆಮಿಯ ದೊಡ್ಡ ಪ್ರಶಸ್ತಿ ಪಾರ್ತಿಸುಬ್ಬನ ಹೆಸರಿನಲ್ಲಿ ಉಂಟು. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವ. ಹೆಸರು ಅಷ್ಟು ದೂರ ಹೋಗಿದೆ, ಸಂತೋಷ. ಅವನ ರಾಮಾಯಣದ ಪದ್ಯಗಳಿಗೆ ಇವತ್ತು ಕುಂಬಳೆಯಲ್ಲಿ ಮದ್ದಳೆ ನುಡಿಸುವವನ ಬಗ್ಗೆ ಬರೆಯಲು ಗಡಿಯ ಆಚೆಯಿಂದಲೂ ಈಚೆಯಿಂದಲೂ ಯಾರೂ ಬರುವುದಿಲ್ಲ. ನಾವೇ ಬರೆಯಬೇಕು.

ಈಗ ಎಷ್ಟೋ ಆಟಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಒಳ್ಳೆಯದೇ. ಆದರೆ ಕೆಳಗೆ ಬರೆದದ್ದು ನೋಡಿ: ಪ್ರಸಂಗ, ಭಾಗವತರು, ಮುಖ್ಯ ವೇಷದವರು. ಚೆಂಡೆ ಯಾರು, ಮದ್ದಳೆ ಯಾರು, ಚಕ್ರತಾಳ ಯಾರು, ಕಥೆಗೆ ಮೊದಲಿನ ಪೂರ್ವರಂಗಕ್ಕೆ ಪದ್ಯ ಹೇಳಿದ ಸಂಗೀತಗಾರ ಯಾರು ಎಂದು ಎಷ್ಟೋ ಕಡೆ ಇಲ್ಲ. ಮೂವತ್ತು ವರ್ಷ ಕಳೆದ ಮೇಲೆ ಯಾರಾದರೂ ಕೇಳಿ ‘ಆಹಾ, ಈ ಕೈ ಯಾರದ್ದು’ ಎಂದರೆ ಉತ್ತರ ಇರದು. ವಿಡಿಯೋ ಹಾಕುವ ತಮ್ಮಂದಿರಲ್ಲಿ, ತಂಗಿಯರಲ್ಲಿ ಕೈಮುಗಿದು ಕೇಳುತ್ತೇನೆ, ಚೌಕಿಗೆ ಹೋಗಿ ಕೇಳಿಕೊಂಡು ಬಂದು ಆ ನಾಲ್ಕು ಹೆಸರು ಸೇರಿಸಿ.

ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆಯಿತು, ಮೇಳಗಳು ಗೆಜ್ಜೆ ಬಿಚ್ಚಿವೆ. ಅಲ್ಲಿ ಇಲ್ಲಿ ವೇಷ ಇಲ್ಲದೆ ಕೂತು ನಡೆಸುವ ತಾಳಮದ್ದಳೆ ಬಿಟ್ಟರೆ ದೀಪಾವಳಿಯವರೆಗೆ ಹೆಚ್ಚಿನವರು ಮನೆಯಲ್ಲೇ ಸಿಗುತ್ತಾರೆ. ಈ ಸಲ ಊರು, ಗುರು, ಸನ್ಮಾನ ಕೇಳಲು ಹೋಗುವುದಿಲ್ಲ. ಒಬ್ಬೊಬ್ಬರಲ್ಲೂ ಒಂದೇ ಒಂದು ಪದ್ಯ ಹಿಡಿದು ಕೂರುತ್ತೇನೆ. ಎಲ್ಲಿ ಬಾರಿಸಿದ್ದು, ಎಲ್ಲಿ ಬಿಟ್ಟದ್ದು, ಯಾಕೆ. ಮೊದಲು ಬದಿಯಡ್ಕಕ್ಕೆ, ಆ ಹಿರಿಯ ಮದ್ದಳೆಗಾರರ ಮನೆಗೆ. ನಿನ್ನೆ ಫೋನ್ ಮಾಡಿದ್ದೆ, ಅಕ್ಕ ಎತ್ತಿದರು. ಮದ್ದಳೆಗಾರರಿಗೆ ಕಿವಿ ಸ್ವಲ್ಪ ಮಂದವಾಗಿದೆಯಂತೆ, ಬೇಗ ಬನ್ನಿ ಎಂದರು.