ಈ ಪುಸ್ತಕ ಯಾರಿಗಾದ್ರೂ ಬೇಕಾ?

ರೈಲು ಹೋಯಿತು. ಮೆಟ್ರೋ ಇಳಿದು, ಮೆಟ್ಟಿಲು ಹತ್ತಿ, ಬ್ಯಾಗು ಎಳ್ಕೊಂಡು ಓಡಿ ಬರುವಷ್ಟರಲ್ಲಿ ಹೋಗಿಯೇಬಿಟ್ಟಿತ್ತು. ಹನ್ನೊಂದು ನಿಮಿಷ. ಬರೀ ಹನ್ನೊಂದು ನಿಮಿಷ! ಆ ಕೌಂಟರ್ ಮುಂದೆ ನಿಂತು ನಾನು ವಾದ ಮಾಡಿದ್ದೇ ಅದಕ್ಕಿಂತ ಜಾಸ್ತಿ ಹೊತ್ತು.

ಈಗ ಬ್ಯಾಂಕಾಕಿನಲ್ಲಿ, ಸ್ಟೇಷನ್ ಹತ್ತಿರ ಸಿಕ್ಕ ಒಂದು ರೂಮಿನಲ್ಲಿ ಕೂತಿದ್ದೇನೆ. ಅಕ್ಕ ಮಾತಾಡ್ತಿಲ್ಲ. ಮಾತಾಡದಿದ್ದರೆ ಬೇಡ ಬಿಡಿ, ಆಗಾಗ ಗೋಡೆ ಕಡೆ ತಿರುಗಿ ನಗುತ್ತಿದ್ದಾಳೆ. ಅದನ್ನು ತಡ್ಕೊಳ್ಳೋಕೆ ಆಗ್ತಿಲ್ಲ.

ನನ್ನ ಟ್ರಾವೆಲ್ ಗೈಡ್ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಲಾವೋಸ್ ಗಡಿ ಪಕ್ಕದ ನೋಂಗ್ ಖಾಯ್‌ಗೆ ರಾತ್ರಿ ರೈಲು, ಹುವಾ ಲಂಫೋಂಗ್ ಸ್ಟೇಷನ್. ಪಕ್ಕದಲ್ಲಿ ಪುಟ್ಟ ನಕ್ಷೆ ಬೇರೆ. ಬ್ಯಾಗು ಇಡುವ ಜಾಗ ಎಲ್ಲಿ ಅಂತ ಕೂಡ ಗುರುತು ಹಾಕಿದ್ದಾರೆ. ನಾನು ಹಳದಿ ಗೆರೆ ಎಳೆದು, ಬಣ್ಣದ ಚೀಟಿ ಅಂಟಿಸಿಟ್ಟುಕೊಂಡಿದ್ದೆ. ಮೆಟ್ರೋದಲ್ಲಿ ಅಕ್ಕ ಹೇಳಿದಳು, "ಲೇ, ಒಂದ್ಸಲ ಫೋನಲ್ಲಿ ನೋಡೋ." "ಸುಮ್ನಿರಕ್ಕ, ಪುಸ್ತಕದಲ್ಲಿದೆ" ಅಂದೆ. ಹೇಗೆ ಅಂದೆ ಅಂದರೆ, ನಾನೇ ಆ ಹಳಿ ಹಾಕಿಸಿದವನ ಹಾಗೆ.

ಸ್ಟೇಷನ್ ಬಾಗಿಲು ಹಾಕಿದ್ದರೆ ಅಲ್ಲೇ ಬುದ್ಧಿ ಬರುತ್ತಿತ್ತು. ಹಾಕಿರಲಿಲ್ಲ. 1916ರ ಕಟ್ಟಡ, ದೊಡ್ಡ ಕಮಾನಿನ ಚಾವಣಿ, ಗಡಿಯಾರ, ಎಲ್ಲ ಪುಸ್ತಕದಲ್ಲಿದ್ದ ಹಾಗೇ ಇದೆ. ಒಳಗೆ ಒಂದೆರಡು ಗಾಡಿಗಳೂ ನಿಂತಿದ್ದವು. ನೋಡಿದೆಯಾ ಅನ್ನೋ ಹಾಗೆ ಅಕ್ಕನ ಮುಖ ನೋಡಿದೆ. ಥೂ.

ಕೌಂಟರಿನಲ್ಲಿದ್ದಾಕೆ ಕನ್ನಡಕದ ಮೇಲಿಂದ ನೋಡಿ, "ನಾಟ್ ಹಿಯರ್. ಬಾಂಗ್ ಸೂ" ಅಂದರು. ನಾನು ನಕ್ಕೆ. ಪಾಪ, ಇವರಿಗೆ ಗೊತ್ತಿಲ್ಲ ಅಂದುಕೊಂಡೆ. ಅಲ್ಲೇ ಕೆಲಸ ಮಾಡುವ ಹೆಂಗಸಿಗೆ ಗೊತ್ತಿಲ್ಲ, ನನಗೆ ಗೊತ್ತು! ಪುಸ್ತಕ ಬಿಚ್ಚಿ ಗಾಜಿಗೆ ಒತ್ತಿ ಹಿಡಿದು ಹಳದಿ ಗೆರೆ ಮೇಲೆ ಬೆರಳಿಟ್ಟೆ. ಆಕೆ ಮತ್ತೆ "ಬಾಂಗ್ ಸೂ" ಅಂದರು. ನಾನು ಮತ್ತೆ ಬೆರಳಿಟ್ಟೆ. ಪಕ್ಕದವರನ್ನು ಕರೆದರು. ಅವರೂ ಬಗ್ಗಿ ಗಾಜಿನ ಆಚೆಯಿಂದ ಓದಿದರು. ಆಕೆ ಕೈ ಚಾಚಿ, ಪುಸ್ತಕ ಕೊಡಿ ಅಂತ ಸನ್ನೆ ಮಾಡಿದರು.

ಗಾಜಿನ ಕೆಳಗೆ ದುಡ್ಡು ತೂರಿಸುವ ಸಂದು ಇರುತ್ತಲ್ಲ, ಅದರಲ್ಲಿ ಪುಸ್ತಕ ಹಿಡಿಸಲಿಲ್ಲ. ಐದು ದೇಶದ ಪುಸ್ತಕ, ಇಟ್ಟಿಗೆ ದಪ್ಪ. ನಾನು ಬಿಡಬೇಕಲ್ಲ? ಬಗ್ಗಿಸಿ ತುರುಕಿದೆ. ಅರ್ಧ ಹೋಗಿ ಸಿಕ್ಕಿಕೊಂಡಿತು. ಆಚೆಯಿಂದ ಅವರು ಎಳೆಯುತ್ತಿದ್ದಾರೆ, ಈಚೆಯಿಂದ ನಾನು ತಳ್ಳುತ್ತಿದ್ದೇನೆ, ಹಿಂದೆ ಸಾಲು ಬೆಳೀತಿದೆ. ಯಾರೋ ಉಸ್ಸಪ್ಪಾ ಅಂದರು, ಅದು ಯಾವ ಭಾಷೆಯಲ್ಲಾದರೂ ಅರ್ಥ ಆಗತ್ತೆ. ಕೊನೆಗೆ ವಾಪಸ್ ಎಳೆದೆ. ರಟ್ಟಿನ ಒಂದು ಮೂಲೆ ಪರ್ ಅಂತ ಹರಿದು ಆಚೆಯೇ ಉಳಿಯಿತು.

ಆಮೇಲೆ ಆಕೆ ಬೆರಳು ಸುತ್ತಿಸಿ ಸನ್ನೆ ಮಾಡಿದರು, ಮೊದಲ ಪುಟ ತೆಗಿ ಅಂತ. ತೆಗೆದೆ. ಸಣ್ಣ ಅಕ್ಷರ ಇರುವ ಆ ಪುಟ, ಯಾರೂ ಓದದ ಪುಟ. ಗಾಜಿನ ಆಚೆಯಿಂದ ಒಂದು ಕಡೆ ಬೆರಳಿಟ್ಟರು. 2019.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಂದು ಚೀಟಿ ಮೇಲೆ ಮೆಟ್ರೋ ಗೆರೆ ಎಳೆದು, ಎಲ್ಲಿ ಇಳಿಯಬೇಕು ಅಂತ ಗುಂಡು ಸುತ್ತಿ, ಸಂದಿನಲ್ಲಿ ತಳ್ಳಿದರು. ಚೀಟಿ ಆರಾಮಾಗಿ ಬಂತು. ಹಿಂದಿದ್ದ ಹುಡುಗನೊಬ್ಬ ಮೆಲ್ಲಗೆ, ಅದು ಬದಲಾಗಿ ಎಷ್ಟೋ ಕಾಲ ಆಯಿತು ಅಂದ. ಹೌದಪ್ಪ, ಗೊತ್ತಾಯಿತು, ಈಗ ಗೊತ್ತಾಯಿತು! 2023ರ ಜನವರಿ 19ರಿಂದ ಈ ರಾತ್ರಿ ರೈಲುಗಳೆಲ್ಲ ಬಾಂಗ್ ಸೂನಲ್ಲಿರುವ ಕ್ರುಂಗ್ ಥೆಪ್ ಅಫಿವಟ್ ಅನ್ನೋ ಹೊಸ ಸ್ಟೇಷನ್ನಿಂದ ಹೊರಡುತ್ತವೆ. ಹುವಾ ಲಂಫೋಂಗ್‌ನಲ್ಲಿ ಉಳಿದಿರುವುದು ಹೆಚ್ಚಾಗಿ ನಿಂತು ನಿಂತು ಹೋಗುವ ಗಾಡಿಗಳು.

ಹೋದ ವರ್ಷದ ಪಂಚಾಂಗ ನೋಡಿ ಮುಹೂರ್ತ ಇಟ್ಟವರನ್ನು ನೋಡಿ ನಗುತ್ತೇವಲ್ವಾ? ನಂದು ಹೋದ ವರ್ಷದ್ದೂ ಅಲ್ಲ.

ಆದರೆ ಕೇಳಿ, ನಾನು ಹಳೇ ಪುಸ್ತಕ ತಗೊಂಡವನಲ್ಲ. ಹೋದ ತಿಂಗಳು ಹೊಸದಾಗಿ ಕೊಂಡಿದ್ದು. ಪ್ಲಾಸ್ಟಿಕ್ ಸುತ್ತಿತ್ತು. ಸುತ್ತಿದ್ದರೆ ಒಳಗೆ ಇಸವಿ ನೋಡೋದು ಹೇಗೆ? ರಟ್ಟಿನ ಮೇಲೆ ಯಾಕೆ ಹಾಕಲ್ಲ? ಹಾಲಿನ ಪೊಟ್ಟಣದ ಮೇಲೆ ತಾರೀಕು ಹಾಕ್ತಾರೆ, ಔಷಧಿ ಮೇಲೆ ಹಾಕ್ತಾರೆ. ಯಾರಾದರೂ ಉತ್ತರ ಕೊಡಿ. ಪ್ರಕಾಶಕರು ಬೇಡ, ಅಂಗಡಿಯವರು ಬೇಡ, ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತುವವರಾದರೂ ಹೇಳಿ.

ಸಿಟ್ಟಿನಲ್ಲಿ ರೂಮಿಗೆ ಬಂದು ಉಳಿದದ್ದನ್ನೂ ಫೋನಿನಲ್ಲಿ ತಾಳೆ ನೋಡಿದೆ. ನೋಡಬಾರದಿತ್ತು. ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಬಸ್ಸಿನಲ್ಲಿ ಹತ್ತು ಗಂಟೆ, ವಾಂತಿ ಮಾತ್ರೆ ಇಟ್ಟುಕೊಳ್ಳಿ ಅಂತ ಮುಕ್ಕಾಲು ಪುಟ ಬರೆದಿದ್ದಾರೆ. 2021ರ ಡಿಸೆಂಬರಿನಿಂದ ಅಲ್ಲಿ ರೈಲಿದೆ, ಸುಮಾರು ಎರಡು ಗಂಟೆ. ಮಾತ್ರೆ ಕೊಂಡಾಗಿದೆ. ಕಾಂಬೋಡಿಯಾದ ಸಿಯಮ್ ರೀಪ್ ವಿಮಾನ ನಿಲ್ದಾಣ ಊರ ಪಕ್ಕದಲ್ಲೇ, ಟುಕ್ ಟುಕ್ ಸಾಕು ಅಂತಿದೆ. 2023ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿ ಸುಮಾರು 40 ಕಿಲೋಮೀಟರ್ ಆಚೆ ಹೊಸದು ಮಾಡಿದ್ದಾರೆ. ವಿಯೆಟ್ನಾಂ ಇ-ವೀಸಾ 30 ದಿನ, ಅದೂ ಕೆಲವು ದೇಶದವರಿಗೆ ಮಾತ್ರ ಅಂತಿದೆ. 2023ರ ಆಗಸ್ಟಿನಿಂದ ಎಲ್ಲ ದೇಶದವರಿಗೂ, 90 ದಿನದವರೆಗೆ.

ಎಲ್ಲಕ್ಕಿಂತ ಚಂದ ಗಡಿ ದಾಟುವ ಜಾಗ. ಪುಸ್ತಕದ ಥಾಯ್ಲೆಂಡ್ ಭಾಗದಲ್ಲಿ, ನೋಂಗ್ ಖಾಯ್‌ನಲ್ಲಿ ಇಳಿದು ಬಸ್ಸಿನಲ್ಲಿ ಸೇತುವೆ ದಾಟಿ ಅಂತಿದೆ. ಲಾವೋಸ್ ಭಾಗದಲ್ಲಿ, ಅಲ್ಲಿಂದ ಲಾವೋಸ್ ಕಡೆಯ ಥಾನಲೆಂಗ್‌ಗೆ ಪುಟ್ಟ ರೈಲು ಹಿಡಿಯಿರಿ ಅಂತಿದೆ. ಒಂದೇ ಪುಸ್ತಕ, ಒಂದೇ ನದಿ, ಆ ದಡದವನು ಬರೆದದ್ದು ಒಂದು, ಈ ದಡದವನು ಬರೆದದ್ದು ಇನ್ನೊಂದು. 2024ರ ಜುಲೈನಿಂದ ಬ್ಯಾಂಕಾಕ್ ರೈಲು ನೇರ ವಿಯೆಂಟಿಯಾನ್‌ಗೇ ಹೋಗತ್ತೆ, ಅದು ಇಬ್ಬರಿಗೂ ಗೊತ್ತಿಲ್ಲ. ಒಂದೇ ದೇಶಕ್ಕೆ ಹೋಗುವವರಿಗೆ ಈ ಗಡಿ ಪುಟ ಬೇಕಾಗಲ್ಲ. ಬೇಕಾಗೋದು ನನ್ನಂಥವರಿಗೆ. ದೇಶದಿಂದ ದೇಶಕ್ಕೆ ಹೋಗುವವರಿಗೆ ಅಂತಲೇ ಮಾಡಿದ ಪುಸ್ತಕ, ದಾಟುವ ಜಾಗದಲ್ಲೇ ಕೈ ಬಿಟ್ಟಿದೆ.

ಅವರನ್ನು ಬೈದು ಏನು ಪ್ರಯೋಜನ, ಅದೂ ಗೊತ್ತು. ಯಾರೋ ಬಿಸಿಲಲ್ಲಿ ಸುತ್ತಿ ಬರೆದಿರುತ್ತಾರೆ. ಅದು ಅಚ್ಚಾಗಿ ಬರುವಷ್ಟರಲ್ಲಿ ಎಷ್ಟೋ ತಿಂಗಳು ಕಳೆದಿರುತ್ತೆ, ನಡುವೆ ಕೊರೊನಾ ಬೇರೆ ಬಂತು. ರೈಲ್ವೆಯವರು ಸ್ಟೇಷನ್ ಬದಲಾಯಿಸುವಾಗ ನನ್ನ ಪುಸ್ತಕ ನೋಡ್ಕೊಂಡು ಬದಲಾಯಿಸ್ತಾರಾ? ತಪ್ಪು ನಂದೇ, ಸರಿ.

ಇಲ್ಲ, ಪೂರ್ತಿ ನಂದಲ್ಲ! ಅನುಮಾನ ಇದ್ದರೆ ಅನುಮಾನ ಇದೆ ಅಂತ ಬರೀಬೇಕು. ದೇವಸ್ಥಾನದ ಬಗ್ಗೆ ಯಾವ ಗತ್ತಿನಲ್ಲಿ ಬರೀತಾರೋ ರೈಲಿನ ಬಗ್ಗೆಯೂ ಅದೇ ಗತ್ತು. ದೇವಸ್ಥಾನ ಎಲ್ಲಿಗೂ ಎದ್ದು ಹೋಗಲ್ಲ. ರೈಲು ಹೋಗತ್ತೆ. ಇವತ್ತು ಹೋಯ್ತಲ್ಲ.

ಇದನ್ನು ಇಲ್ಲೇ ಬಿಟ್ಟು ಹೋಗೋಣ ಅಂತ ಮೇಜಿನ ಮೇಲೆ ಇಟ್ಟಿದ್ದೆ. ಮೂಲೆ ಹರಿದಿದೆ, ಬಿಟ್ಟರೆ ಮೈ ಗಟ್ಟಿಯಿದೆ. ಈಗಷ್ಟೇ ಅಕ್ಕ ಬಾಯಿ ಬಿಟ್ಟಳು. "ನಾಳೆ ಪೂರ್ತಿ ದಿನ ಇದೆಯಲ್ಲ, ವಾಟ್ ಫೋ ದೇವಸ್ಥಾನ ಎಷ್ಟು ಗಂಟೆಗೆ ತೆಗೀತಾರೆ ನೋಡು, ನಿನ್ನ ಪುಸ್ತಕದಲ್ಲಿ."

ಬೆಳಿಗ್ಗೆ ಎಂಟು ಅಂತಿತ್ತು. ಹೇಳಿದೆ. ಅವಳು ಫೋನಿನಲ್ಲಿ ನೋಡಿದಳು.

"ಎಂಟೇ ಕಣೋ. ಸರಿಯಾಗಿದೆ" ಅಂದು ಮತ್ತೆ ಗೋಡೆ ಕಡೆ ತಿರುಗಿದಳು.